ಸಿಟ್ಟಿಗೊಂದು ಬಸ್ಸು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಗಾದೆ ಕಟ್ಟಿದವನ ಮನೆಯಲ್ಲಿ ಜಗಳ ಊಟಕ್ಕೆ ಮುಂಚೆಯೇ ಶುರುವಾಗುತ್ತಿತ್ತೆಂದು ಕಾಣುತ್ತದೆ. ನಾನು ಅಷ್ಟು ದಡ್ಡನಲ್ಲ. ಹಸಿದ ಹೊಟ್ಟೆಯಲ್ಲಿ ಜಗಳವಾಡಿ ಮನೆ ಬಿಟ್ಟು ಹೊರಟರೆ ಹುಳಿ ಯಾರ ಪಾಲಿಗೆ, ಹಸಿವು ಯಾರ ಪಾಲಿಗೆ ಎಂಬುದು ಗೊತ್ತಿರುವುದರಿಂದ ನಮ್ಮಲ್ಲಿ ಏನಿದ್ದರೂ ಮಜ್ಜಿಗೆ ಅನ್ನ ಮುಗಿದ ಮೇಲೆಯೇ.

ಜಗಳದಲ್ಲಿ ಗೆಲ್ಲುವ ಗಂಡಸರ ವಿಷಯ ನನಗೆ ಗೊತ್ತಿಲ್ಲ, ಅಂಥವರನ್ನು ಕಂಡಿಲ್ಲ. ಸೋತವನಿಗೆ ಉಳಿಯುವ ಮರ್ಯಾದೆಯ ದಾರಿ ಒಂದೇ. "ನಾನು ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುವುದು. ಸಂಜೆ ಕಾಫಿಯ ಹೊತ್ತಿಗೆ ವಾಪಸ್ಸು ಬರುತ್ತೇನೆಂದು ಇಬ್ಬರಿಗೂ ಗೊತ್ತು, ಆದರೂ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಹೀಗೇ ತಾನೆ? ಇಲ್ಲ ಎನ್ನುವವರು ಹೆಂಡತಿಯ ಪಕ್ಕದಲ್ಲಿ ಕೂತು ಓದುತ್ತಿದ್ದೀರಿ, ಅಷ್ಟೇ.

ಹೀಗೆ ಹೊರಟವನಿಗೆ ಬಸ್ಸು ಬೇಕೇ ಬೇಕು. ನಡೆದುಕೊಂಡು ಹೋದರೆ ಅದು ಸಿಟ್ಟಲ್ಲ, ವಾಕಿಂಗ್. ಆಟೋ ಹತ್ತಿದರೆ ಮೀಟರ್ ನೋಡಿ ಹೊಸದೊಂದು ಸಿಟ್ಟು ಬಂದು ಹಳೆಯದು ಮರೆತೇ ಹೋಗುತ್ತದೆ. ಮೆಟ್ರೋ 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಲು ಶುರುವಾದಾಗಲೇ ಪರೀಕ್ಷೆ ಮಾಡಿ ನೋಡಿದ್ದೇನೆ. ತಣ್ಣಗೆ, ಸದ್ದಿಲ್ಲದೆ, ಯಾರೂ ತಳ್ಳದೆ ಹೋಗುತ್ತದೆ. ಅದರಲ್ಲಿ ಸಿಟ್ಟು ಒಂದು ಸ್ಟೇಷನ್ನಿನ ಮಟ್ಟಿಗೂ ಬಾಳುವುದಿಲ್ಲ. ಬಸ್ಸೇ ಸರಿ. ಬಿಎಂಟಿಸಿಯವರು ದಾರಿಯನ್ನು ಸ್ಟೇಜುಗಳಾಗಿ ವಿಂಗಡಿಸಿದ್ದಾರಲ್ಲ, ನನ್ನ ಸಿಟ್ಟಿಗೂ ಅವೇ ಸ್ಟೇಜುಗಳು. 'ಟವೆಲ್ ಯಾಕೆ ಮಂಚದ ಮೇಲಿದೆ' ಮಟ್ಟದ್ದಾದರೆ ಹನುಮಂತನಗರದಿಂದ ಗಾಂಧಿ ಬಜಾರಿಗೆ, ಆರು ರೂಪಾಯಿ. ಯಾರದೋ ಮದುವೆಯಲ್ಲಿ ಯಾರೋ ಮಾಡಿದ ಮುಯ್ಯಿಯ ಪ್ರಸ್ತಾಪ ಬಂದರೆ ಮಾರ್ಕೆಟ್ಟಿಗೆ. ನಮ್ಮ ಅಮ್ಮನ ಹೆಸರು ಬಂದರೆ ಮೆಜೆಸ್ಟಿಕ್. ಅದಕ್ಕೂ ಮೇಲಿನದಾದರೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಕೆಂಪು ಬಸ್ಸು ಹತ್ತಿ ನೇರ ಮದ್ದೂರು. ಅಲ್ಲಿ ವಡೆ ತಿಂದು, ಎದುರು ಬಸ್ಸಿನಲ್ಲಿ ವಾಪಸ್ಸು. ಮದ್ದೂರಿನಾಚೆಗೆ ನನ್ನ ಸಿಟ್ಟು ಈವರೆಗೆ ಹೋಗಿಲ್ಲ.

ಕೆಂಪು ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ಕಾಲು ಭಾಗ ರಿಯಾಯಿತಿ ಉಂಟು. ನಾನಾಗಿ ಎಂದೂ ಕೇಳುವವನಲ್ಲ. ತಿಂಗಳಿಗೊಮ್ಮೆ ತಲೆಗೂ ಮೀಸೆಗೂ ಕಪ್ಪು ಬಳಿದು, ಬಚ್ಚಲ ಗೋಡೆಗೂ ಸ್ವಲ್ಪ ಬಳಿದು, ಅದಕ್ಕೆ ಬೈಸಿಕೊಂಡು ಸಂಪಾದಿಸಿದ ಯೌವನವನ್ನು ಕಾಲು ಭಾಗಕ್ಕೆ ಮಾರುವುದೆ? "ಒಂದು ಮದ್ದೂರ್" ಎಂದು ಗತ್ತಿನಿಂದ ನೋಟು ಚಾಚುತ್ತೇನೆ. ಕಂಡಕ್ಟರು ನನ್ನ ಮುಖವನ್ನೊಮ್ಮೆ ನೋಡಿ, "ಆಧಾರ್ ತೆಗೀರಿ ಯಜಮಾನ್ರೇ" ಎನ್ನುತ್ತಾನೆ.

ಇಷ್ಟೆಲ್ಲ ಉಪಕಾರ ಮಾಡುವ ಬಸ್ಸನ್ನು ನಾನು ಹೊಗಳಿದ್ದುಂಟೆ? ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುವ ಚಟ ನನಗೆ. 'ಮುಂದುವರಿದ ದೇಶಗಳಲ್ಲಿ ಬಸ್ಸು ಬಂದದ್ದು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಾರೆ' ಎಂಬ ವಾಕ್ಯ ನನ್ನ ಹಲವು ಪತ್ರಗಳಲ್ಲಿ ಅಚ್ಚಾಗಿದೆ. ಅವುಗಳ ತುಣುಕುಗಳನ್ನು ಕತ್ತರಿಸಿ ಫೈಲಿನಲ್ಲಿಟ್ಟಿದ್ದೇನೆ. ನೆಂಟರು ಬಂದಾಗ ಆ ಫೈಲು ತಾನೇ ತಾನಾಗಿ ಟೀಪಾಯಿಯ ಮೇಲಿರುತ್ತದೆ. ಮನೆಯವಳು ಅದರ ಮೇಲೆ ಕಾಫಿ ಲೋಟ ಇಡುತ್ತಾಳೆ. ಆಗಿನ್ನೂ ನಾನು ಕಣ್ಣಾರೆ ಕಂಡಿದ್ದ ಅತಿ ದೂರದ ಮುಂದುವರಿದ ಪ್ರದೇಶ ಕೊಯಮತ್ತೂರು.

ಅಂತೂ ಮಗ ಕರೆಸಿಕೊಂಡ. ಟೆಕ್ಸಸ್ಸಿನ ಆರ್ಲಿಂಗ್ಟನ್. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ಎಂಬ ಎರಡು ದೊಡ್ಡ ಊರುಗಳ ನಡುವಿನ ಊರು. ನಡುವಿನದೆಂದು ಸಣ್ಣದೇನಲ್ಲ; 2020ರ ಅವರ ಜನಗಣತಿಯಲ್ಲಿ ಮೂರು ಲಕ್ಷ ತೊಂಬತ್ತು ಸಾವಿರ ದಾಟಿದೆ. ಹೆಚ್ಚುಕಡಿಮೆ ನಮ್ಮ ದಾವಣಗೆರೆ ಎನ್ನಿ. ಒಂದು ವಿಶ್ವವಿದ್ಯಾಲಯವಿದೆ, ಎಂಬತ್ತು ಸಾವಿರ ಜನ ಕೂತು ಆಟ ನೋಡುವ ಸ್ಟೇಡಿಯಂ ಇದೆ. ತಲುಪಿದ ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಮಗನನ್ನು ಕೇಳಿದೆ.

"ಬಸ್ ಸ್ಟಾಪ್ ಎಲ್ಲಿದೆಯೋ ಇಲ್ಲಿ?"

"ಯಾವ ಬಸ್ಸು?"

"ಯಾವುದಾದ್ರೂ."

"ಬಸ್ಸಿಲ್ಲ ಅಪ್ಪ."

"ಈ ಬೀದೀಲಿ ಇಲ್ಲ, ಸರಿ. ಮೇನ್ ರೋಡಲ್ಲಿ?"

"ಊರಲ್ಲೇ ಇಲ್ಲ."

ಸೊಸೆ ನಗು ತಡೆಯಲು ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ಮುಖವಿಟ್ಟಳು. ಮನೆಯವಳಿಗೆ ಅಂಥ ಸಂಕೋಚವಿರಲಿಲ್ಲ. "ಇವರು ಪೇಪರಲ್ಲಿ ಬರೀತಿದ್ದ ಬಸ್ಸು ಬೇರೆ ದೇಶದ್ದಿರಬೇಕು ಬಿಡು" ಎಂದಳು.

ಆಮೇಲೆ ಮಗ ವಿವರಿಸಿದ. ಬಸ್ಸು, ರೈಲಿಗೆಂದು ಸ್ವಲ್ಪ ಮಾರಾಟ ತೆರಿಗೆ ಕೊಡುತ್ತೀರಾ ಎಂದು ಆ ಊರಿನವರನ್ನು ಮೂರು ಸಲ ಮತಕ್ಕೆ ಹಾಕಿ ಕೇಳಿದರಂತೆ. ಮೂರು ಸಲವೂ ಜನ ಬೇಡ ಎಂದರು, ಕೊನೆಯದು 2002ರಲ್ಲಿ. 2013ರಲ್ಲಿ ಒಂದೇ ಒಂದು ದಾರಿಯಲ್ಲಿ, ರೈಲ್ವೆ ಸ್ಟೇಷನ್ನಿನವರೆಗೆ ಬಸ್ಸು ಬಿಟ್ಟು ನೋಡಿದರು. 2017ರ ಕೊನೆಗೆ ಅದನ್ನೂ ನಿಲ್ಲಿಸಿದರು. ಈಗ ಮೊಬೈಲಿನಲ್ಲಿ ಕರೆದರೆ ಬರುವ ಸಣ್ಣ ವ್ಯಾನುಗಳಿವೆ. ನನಗೆ ನಂಬಲಾಗಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬೇಕೋ ಬೇಡವೋ ಎಂದು ಮತ ಹಾಕಿಸಲಿ ನೋಡೋಣ. ಬೇಡ ಎನ್ನಲು ಬಂದವರೂ ಬಸ್ಸಲ್ಲೇ ಬಂದಿರುತ್ತಾರೆ.

ಮಗ ಹೇಳಿದ್ದು ಸುಳ್ಳೆಂದು ಸಾಧಿಸುವ ಅವಕಾಶ ಬೇಗನೇ ಒದಗಿತು. ಮೇ ತಿಂಗಳು, ಶಾಲೆಗಳಿಗಿನ್ನೂ ಬೇಸಿಗೆ ರಜ ಬಂದಿರಲಿಲ್ಲ. ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದೇನೆ, ಬೀದಿಯ ತಿರುವಿನಲ್ಲಿ ಸಾಕ್ಷಾತ್ ಒಂದು ಬಸ್ಸು! ಹಳದಿ ಬಣ್ಣ, ಉದ್ದ ಮೂತಿ. ಪಂಚೆ ಎತ್ತಿ ಕಟ್ಟಿ, ಕೈ ಮೇಲೆತ್ತಿ, "ಓಲ್ಡಾನ್, ಓಲ್ಡಾನ್" ಎಂದು ಓಡಿದೆ. ಬಸ್ಸು ನಿಂತಿತು. ಅದರ ಮೈಯೆಲ್ಲ ಕೆಂಪು ದೀಪಗಳು ಮಿಣುಕಿದವು, ಪಕ್ಕದಿಂದ 'ಸ್ಟಾಪ್' ಎಂಬ ಫಲಕ ಚಾಚಿಕೊಂಡಿತು, ಅತ್ತಲಿನ ಕಾರು ಇತ್ತಲಿನ ಕಾರು ಎಲ್ಲ ಗಕ್ಕನೆ ನಿಂತವು. ಹನುಮಂತನಗರದಲ್ಲಿ ನಾನು ಕೈ ಎತ್ತಿದರೆ ಸೈಕಲ್ಲೂ ನಿಲ್ಲುವುದಿಲ್ಲ. ಕಣ್ಣು ತುಂಬಿ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟೆ. ಒಳಗಿದ್ದ ಮಕ್ಕಳೆಲ್ಲ ಮೌನವಾಗಿ ನನ್ನ ಪಂಚೆ ನೋಡಿದವು. ಚಾಲಕಿ, ಧಾರವಾಡದ ನಮ್ಮ ಸೋದರತ್ತೆಯ ಗಾತ್ರದ ಹೆಂಗಸು, ನಾನು ಯಾವ ಮಗುವಿನ ತಾತ ಎಂದು ವಿಚಾರಿಸಿದಳು. ಯಾವ ಮಗುವಿನ ತಾತನೂ ಅಲ್ಲ ಎಂದು ಸತ್ಯ ನುಡಿದೆ. ಇಂಥ ಕಡೆ ಸತ್ಯ ನುಡಿಯಬಾರದಂತೆ. ಶಾಲಾ ಬಸ್ಸು ಮಕ್ಕಳನ್ನು ಹತ್ತಿಸುವಾಗ ಎರಡೂ ಕಡೆಯ ವಾಹನ ನಿಲ್ಲಲೇಬೇಕೆಂಬುದು ಅಲ್ಲಿನ ಕಾನೂನು ಎಂದೂ, ಆ ಬಸ್ಸಿನ ಹತ್ತಿರ ನಾನು ಇನ್ನು ಸುಳಿಯಕೂಡದೆಂದೂ ಮಗ ಸಂಜೆ ಬಹಳ ಹೊತ್ತು ಹೇಳಿದ. ನಾನು ಅವನಿಗೆ ಏಳನೇ ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿದ.

ಅಲ್ಲಿಂದಾಚೆ ನಾವು ಕಾರಿನ ಪ್ರಜೆಗಳಾದೆವು. ಮದುವೆ ಮನೆಯಲ್ಲಿ ಬಾಡಿಗೆಗೆ ತಂದ ಕಡಾಯಿಯ ಹಾಗೆ, ಯಾರಾದರೂ ಎತ್ತಿಟ್ಟರೆ ಹೋಗಬೇಕು, ಇಳಿಸಿದರೆ ಕೂರಬೇಕು. ಮಗ ಸೊಸೆಗೆ ಬಿಡುವಾಗುವ ಶನಿವಾರಕ್ಕೆ ಕಾಯಬೇಕು. ಶನಿವಾರ ಬಂದರೆ ಮೊದಲು ದಿನಸಿ, ಆಮೇಲೆ ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಂತ, ಆಮೇಲೆ ಮತ್ತೆ ದಿನಸಿ. ಕಾರಿನಲ್ಲಿ ಮುಂದಿನ ಸೀಟು ನನಗೆ, ಗೌರವಾರ್ಥ. ಹಿಂದಿನ ಸೀಟಿನಿಂದ ಮನೆಯವಳು ನನ್ನ ಬಗ್ಗೆ ಸೊಸೆಗೆ ಹೇಳುವ ಕಥೆಗಳೆಲ್ಲ ಕೇಳಿಸುತ್ತವೆ, ತಿರುಗಿ ಉತ್ತರ ಕೊಡೋಣವೆಂದರೆ ಬೆಲ್ಟು ಬಿಡುವುದಿಲ್ಲ. ನಮ್ಮ ಬಸ್ಸುಗಳಲ್ಲಿ ಹೆಂಗಸರಿಗೆ ಮುಂದೆ, ಗಂಡಸರಿಗೆ ಹಿಂದೆ ಜಾಗ ಮಾಡಿದ ಪುಣ್ಯಾತ್ಮ ಯಾರೋ, ಅವನೂ ಮದುವೆಯಾಗಿದ್ದನೆಂಬುದು ನಿಶ್ಚಯ.

ಜಗಳ ಮಾತ್ರ ಖಂಡಾಂತರದಲ್ಲೂ ಕ್ರಮವಾಗಿ ನಡೆಯುತ್ತಿತ್ತು. ಒಂದು ದಿನ ನನ್ನ ಪಂಚೆ ಒಗೆದು ಹಿತ್ತಲ ಬೇಲಿಯ ಮೇಲೆ ಹರವಿದೆ. ಅಂಥ ಉರಿಬಿಸಿಲನ್ನು ವ್ಯರ್ಥ ಮಾಡಿ ಯಂತ್ರದಲ್ಲಿ ಬಟ್ಟೆ ಒಣಗಿಸುವುದನ್ನು ನೋಡಲು ನನ್ನಿಂದಾಗಲಿಲ್ಲ. ವಾರದೊಳಗೆ ಬಡಾವಣೆಯ ಸಂಘದಿಂದ ಮಗನಿಗೆ ವಿನಯಪೂರ್ವಕವಾದ ಕಾಗದ ಬಂತು. ಬೇಲಿಯ ಮೇಲೆ ಬಟ್ಟೆ ಹರವುವಂತಿಲ್ಲ ಎಂದು. ಪಂಚೆಯ ಫೋಟೋ ಕೂಡ ಇತ್ತು. ಪಂಚೆ ಚೆನ್ನಾಗಿಯೇ ಬಂದಿತ್ತು. ಮನೆಯವಳು "ನಾನು ಮೊದಲೇ ಹೇಳಿದ್ದೆ" ಎಂದಳು. ನಮ್ಮ ದಾಂಪತ್ಯದ ಬೆಂಕಿಯೆಲ್ಲ ಈ ಮೂರು ಮಾತುಗಳಿಂದ ಹೊತ್ತಿದ್ದು. ಮಾತಿಗೆ ಮಾತು ಬೆಳೆದು ನಮ್ಮಮ್ಮನ ಹೆಸರು ಬಂತು. ಅಂದರೆ ಮೆಜೆಸ್ಟಿಕ್. ಎದ್ದೆ. "ನಾನು ಹೋಗ್ತೀನಿ" ಎಂದೆ. ಹೊರಟೆ.

ಹೊರಗೆ ನೂರು ಡಿಗ್ರಿ, ನಮ್ಮ ಲೆಕ್ಕದಲ್ಲಿ ಮೂವತ್ತೆಂಟು. ಅಚ್ಚುಕಟ್ಟಾದ ಫುಟ್‌ಪಾತು ಕೊಂಚ ದೂರ ಜೊತೆಗೆ ಬಂದು, ಕಾರಣ ಹೇಳದೆ ಮುಗಿದುಹೋಯಿತು. ಮುಂದೆ ಹುಲ್ಲು. ಹುಲ್ಲಿಗೆ ನೀರು ಚಿಮ್ಮುವ ಕೊಳವೆಗಳು ನಾನು ಬರುವುದನ್ನೇ ಕಾಯುತ್ತಿದ್ದಂತೆ ಎದ್ದು ನಿಂತವು. ನೆನೆದ ಪ್ಯಾಂಟಿನಲ್ಲಿ ನಾನು ರಸ್ತೆಯಂಚು ಹಿಡಿದು ಹೊರಟರೆ, ಕಾರೊಂದು ನಿಧಾನಿಸಿ ಗಾಜು ಇಳಿಸಿತು. "ಆರ್ ಯು ಓಕೆ, ಸರ್?" ಓಕೆ ಎಂದೆ. ಇನ್ನೊಂದು ಕಾರು. ಮತ್ತೊಂದು. ಆ ಊರಿನಲ್ಲಿ ಮಧ್ಯಾಹ್ನ ನಡೆಯುವವನಿಗೆ ಏನೋ ಆಗಿರಲೇಬೇಕೆಂಬುದು ಜನರ ನಂಬಿಕೆ. ಕೊನೆಗೆ ಪಕ್ಕದ ಮನೆಯ ಹೆಂಗಸು ಕಾರು ನಿಲ್ಲಿಸಿ, ನೀರಿನ ಬಾಟಲಿ ಕೊಟ್ಟು, ನನ್ನ ಮೊಣಕೈ ಹಿಡಿದು ಹತ್ತಿಸಿಕೊಂಡು, ಮನೆಯ ಬಾಗಿಲಿಗೇ ತಂದಿಳಿಸಿದಳು. ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದೇನೆ, ದಯವಿಟ್ಟು ಮನೆಗೆ ಬಿಡಬೇಡಿ ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳುವುದು ನನಗೆ ಬರಲಿಲ್ಲ. ಒಳಗೆ ಮನೆಯವಳು ತಂಗಿಯ ಜೊತೆ ವಾಟ್ಸಾಪಿನಲ್ಲಿ ಮಾತಾಡುತ್ತಿದ್ದಳು. ನಾನು ಹೋಗಿದ್ದೇ ಅವಳಿಗೆ ಗೊತ್ತಿರಲಿಲ್ಲ. "ಸ್ನಾನ ಈಗ ಮಾಡಿದ್ರಾ?" ಎಂದು ಪ್ಯಾಂಟು ನೋಡಿ ಕೇಳಿದಳು.

ವ್ಯಾನು ಕರೆಯೋಣ ಎಂದು ಮುಂದಿನ ಜಗಳದ ಹೊತ್ತಿಗೆ ನಿಶ್ಚಯಿಸಿದೆ. ಅದಕ್ಕೆ ಆ್ಯಪು ಬೇಕು, ಆ್ಯಪಿಗೆ ಅಲ್ಲಿನ ಕಾರ್ಡು ಬೇಕು, ಕಾರ್ಡು ಮಗನದು. "ಮನೆ ಬಿಟ್ಟು ಹೋಗ್ತಿದೀನಿ, ಒಂದು ವ್ಯಾನ್ ಬುಕ್ ಮಾಡಪ್ಪ" ಎಂದು ಮಗನ ಮುಂದೆ ನಿಲ್ಲಬೇಕಾಯಿತು. ಅವನು ಆಫೀಸಿನ ಮೀಟಿಂಗಿನಲ್ಲಿದ್ದ, ಮೈಕು ಮುಚ್ಚಿಕೊಂಡು, "ಎಲ್ಲಿಗೆ ಅಂತ ಹಾಕ್ಲಿ?" ಎಂದ. ನಾನು ತಬ್ಬಿಬ್ಬಾದೆ. ಬಸ್ಸು ಇಂಥ ಪ್ರಶ್ನೆ ಕೇಳುವುದಿಲ್ಲ ನೋಡಿ. ಯಾವುದೋ ಬಸ್ಸು ಬಂತು, ಹತ್ತಿದೆವು, ಕಂಡಕ್ಟರು ಬರುವಷ್ಟರಲ್ಲಿ ತೀರ್ಮಾನಿಸಿದರಾಯಿತು. ಮೊದಲೇ ವಿಳಾಸ ಬರೆದುಕೊಡುವ ಸಿಟ್ಟು ಎಂಥ ಸಿಟ್ಟು? ಲೈಬ್ರರಿ ಎಂದೆ. ಲೈಬ್ರರಿಯಲ್ಲಿ ಗಂಭೀರವಾಗಿ ಭೂಗೋಳದ ಪುಸ್ತಕವೊಂದನ್ನು ಬಿಡಿಸಿ ಕೂತೆ. ಮರಳಿ ಬಂದಾಗ ತಿಳಿಯಿತು, ಹೋಗುವಾಗಲೂ ಬರುವಾಗಲೂ ವ್ಯಾನು ಎಲ್ಲಿದೆಯೆಂದು ಅತ್ತೆ ಸೊಸೆ ಮೊಬೈಲಿನ ನಕ್ಷೆಯಲ್ಲಿ ಚುಕ್ಕೆ ನೋಡುತ್ತ ಬಜ್ಜಿ ತಿಂದಿದ್ದರು. "ಸಿಗ್ನಲ್ಲಲ್ಲಿ ತುಂಬಾ ಹೊತ್ತು ನಿಂತ್ರಿ ಪಾಪ" ಎಂದಳು ಮನೆಯವಳು. ಬಜ್ಜಿ ಮುಗಿದಿತ್ತು.

ನನ್ನ ಸ್ಥಿತಿಗೆ ಮರುಗಿ ಮಗ, ಡಲ್ಲಾಸಿಗೂ ಫೋರ್ಟ್ ವರ್ತಿಗೂ ನಡುವೆ ಓಡುವ ರೈಲನ್ನಾದರೂ ತೋರಿಸುತ್ತೇನೆಂದು ಕಾರಿನಲ್ಲಿ ಸ್ಟೇಷನ್ನಿಗೆ ಕರೆದೊಯ್ದ. ಕ್ರಾಪು ಬಾಚಿ, ಬಿಸ್ಕತ್ತು ಕಟ್ಟಿಕೊಂಡು, ಕಿಟಕಿ ಪಕ್ಕದ ಸೀಟು ನನ್ನದೆಂದು ದಾರಿಯಲ್ಲೇ ಘೋಷಿಸಿ ಇಳಿದರೆ ಪ್ಲಾಟ್‌ಫಾರಂನಲ್ಲಿ ನರಪಿಳ್ಳೆಯಿಲ್ಲ. ಅಂದು ಭಾನುವಾರ. ಆ ರೈಲು ಭಾನುವಾರ ಓಡುವುದಿಲ್ಲ. ರೈಲಿಗೂ ವಾರದ ರಜೆ ಎಂಬುದನ್ನು ನಾನು ಅಲ್ಲೇ ಕಲಿತದ್ದು. ಬಿಸ್ಕತ್ತನ್ನು ಬೆಂಚಿನ ಮೇಲೆ ಕೂತು ತಿಂದು ಬಂದೆವು.

ಅನ್ಯಾಯವಾಗಿ ಮಾತಾಡಬಾರದು. ನ್ಯೂಯಾರ್ಕಿನಲ್ಲಿ 1904ರಿಂದ ನೆಲದಡಿಯ ರೈಲು ಓಡುತ್ತಿದೆ, ರಾತ್ರಿಯೆಲ್ಲ ಓಡುತ್ತದೆ. ಡಲ್ಲಾಸಿನಲ್ಲೇ 1996ರಿಂದ ಚಂದದ ಲೈಟ್ ರೈಲಿದೆ, ತೊಂಬತ್ತಮೂರು ಮೈಲಿ ಉದ್ದದ್ದು. ಒಂದು ಶನಿವಾರ ಅದರಲ್ಲೂ ಕೂತೆ. ಸ್ವಚ್ಛ, ವಿಶಾಲ, ಖಾಲಿ. ಆದರೆ ಅದರ ಸ್ಟೇಷನ್ನಿಗೆ ಹೋಗಲು ಕಾರು ಬೇಕು, ಕಾರಿಗೆ ಮಗ ಬೇಕು, ಮಗ ಬಂದರೆ ಸಂಸಾರವೆಲ್ಲ ಬರುತ್ತದೆ. ಯಾರ ಮೇಲೆ ಸಿಟ್ಟೋ ಅವಳು ಪಕ್ಕದಲ್ಲೇ ಕೂತು ಕೋಡುಬಳೆ ಕೊಡುತ್ತಿದ್ದರೆ ಆ ರೈಲನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಅಂತೂ ಊರಿಗೆ ಮರಳಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದವನೇ ಟ್ಯಾಕ್ಸಿಗಳನ್ನು ತಿರಸ್ಕಾರದಿಂದ ದಾಟಿ ವಾಯುವಜ್ರ ಬಸ್ಸಿನ ಕಡೆ ನಡೆದೆ. ಸಾಲಾಗಿ ನಿಂತ ಬಸ್ಸುಗಳು, ಹಣೆಯ ಮೇಲೆ ಕನ್ನಡ ಬೋರ್ಡು. ಮನೆಯವಳು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಕಂಡಕ್ಟರಿಗೆ ಆಧಾರ್ ಕಾರ್ಡು ಹಿಡಿದಳು. ಅಮೆರಿಕಕ್ಕೆ ಹೊರಟಾಗ ಪಾಸ್‌ಪೋರ್ಟನ್ನು ನನಗೆ ಕೊಟ್ಟು ಆಧಾರನ್ನು ಮಾತ್ರ ತನ್ನ ಪರ್ಸಿನಲ್ಲೇ ಇಟ್ಟುಕೊಂಡಿದ್ದಳು! ಎ.ಸಿ. ಬಸ್ಸಿನಲ್ಲಿ ಹೆಂಗಸರಿಗೂ ಟಿಕೆಟ್ಟಿದೆ ಎಂದು ತಿಳಿದಾಗ ಅವಳ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಆ ದುಡ್ಡನ್ನು ನಾನೇ ಹೊಡೆದುಕೊಂಡವನೆಂಬ ರೀತಿಯಲ್ಲಿ ನೋಡುತ್ತಿದ್ದಳು.

ಮಾರನೆಯ ದಿನ ಜಗಳವಿಲ್ಲದೆಯೇ ಬಸ್ಸು ಹತ್ತಿದೆ, ಬರೀ ಪ್ರೀತಿಗೆ. "ಒಳಗ್ಹೋಗಿ, ಒಳಗ್ಹೋಗಿ, ಮಧ್ಯದಲ್ಲಿ ಖಾಲಿ ಇದೆ" ಎಂದು ಕಂಡಕ್ಟರು ಅರಚಿದಾಗ ತವರಿನಲ್ಲಿ ಊಟಕ್ಕೆ ಕರೆದಷ್ಟು ಸಂತೋಷವಾಯಿತು. ಖಾಲಿ ಇರಲಿಲ್ಲ. ಇರಲಿ. ಒಬ್ಬರ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ಛತ್ರಿ ಇನ್ನೊಬ್ಬರ ಬೆನ್ನಲ್ಲಿ. ಪಕ್ಕದವರಿಗೆ ಆರ್ಲಿಂಗ್ಟನ್ನಿನ ಕಥೆ ಶುರು ಮಾಡಿದೆ. ನಾಲ್ಕು ಲಕ್ಷ ಜನ, ಒಂದು ಬಸ್ಸಿಲ್ಲ ಎಂದೆ. ಅವರು ಕಿಟಕಿಯಾಚೆ ನೋಡುತ್ತ, "ಟ್ರಾಫಿಕ್ ಇರಲ್ಲ ಹಂಗಾದ್ರೆ" ಎಂದು ಕಾರ್ಪೊರೇಷನ್ನಿನಲ್ಲಿ ಇಳಿದುಹೋದರು. ಐನೂರರ ನೋಟು ಕೊಟ್ಟಿದ್ದಕ್ಕೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟ. ಭಾವುಕನಾಗಿ ಮೆಜೆಸ್ಟಿಕ್ಕಿನಲ್ಲಿ ಬಾಕಿ ಕೇಳದೆ ಇಳಿದುಬಿಟ್ಟೆ. ಆ ಟಿಕೆಟ್ಟು ಷರಟಿನ ಜೇಬಿನಲ್ಲಿ ಸಿಕ್ಕಿ, ಅದರ ಹಿಂದಿನ ಬರಹವನ್ನು ಮನೆಯವಳು ಓದಿ, ಅಂದು ರಾತ್ರಿಯೇ ಬೇರೆ ಸ್ಟೇಜಿನ ಜಗಳ ಆಯಿತು.

ಟೆಕ್ಸಸ್ಸಿನ ಸೆರೆ ನನಗೊಬ್ಬನಿಗೇ ಆಗಿತ್ತೆಂದು ನಾನು ತಿಳಿದಿದ್ದೆ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಇವಳು ತಂಗಿಯ ಜೊತೆ ಹೊರನಾಡು, ಸಿಗಂದೂರು ಎಂದು ತಿರುಗಿದ್ದುಂಟು. ಆದರೆ ಅದೆಲ್ಲ ಭಕ್ತಿಗೆ. ಅದೇ ಬಸ್ಸು ಸಿಟ್ಟಿಗೂ ಆಗುತ್ತದೆ ಎಂಬುದು ಅಲ್ಲಿ ನಕ್ಷೆಯ ಚುಕ್ಕೆ ನೋಡುತ್ತ ಬಜ್ಜಿ ತಿನ್ನುವಾಗ ಹೊಳೆದಿರಬೇಕು. ಐನೂರರ ಜಗಳದ ಮರುದಿನ ನಾನು ಚಪ್ಪಲಿ ಹುಡುಕುತ್ತಿದ್ದೆ. "ನಾನು ಹೋಗ್ತೀನಿ" ಎಂದಿತು ಒಂದು ದನಿ. ನನ್ನದಲ್ಲ. ನೋಡಿದರೆ ಅವಳು ಸೀರೆ ಬದಲಿಸಿ, ಕೈಚೀಲ ಹಿಡಿದು ನಿಂತಿದ್ದಾಳೆ. ನನ್ನ ಸಿಟ್ಟಿಗೆ ಮದ್ದೂರೇ ಗಡಿ. ಅವಳದಕ್ಕೆ ಗಡಿಯೆಂದರೆ ಕರ್ನಾಟಕದ ಗಡಿ, ಟಿಕೆಟ್ಟು ಸೊನ್ನೆ. ಆ ದಿನ ಧರ್ಮಸ್ಥಳಕ್ಕೆ ಹೋಗಿ ಮರುದಿನ ಸಂಜೆ ಪ್ರಸಾದದೊಂದಿಗೆ ಬಂದಳು. ನಾನು ಎರಡು ದಿನ ಅವಲಕ್ಕಿ ತಿಂದೆ. ಈಗ ಜಗಳದ ಸೂಚನೆ ಕಂಡ ಕೂಡಲೇ ನಾನು ಮೊದಲು ಚಪ್ಪಲಿಯ ಕಡೆ ಓಡುತ್ತೇನೆ, ಅವಳು ಆಧಾರ್ ಕಡೆ ಓಡುತ್ತಾಳೆ.

ಮೊನ್ನೆ ಇಬ್ಬರೂ ಒಟ್ಟಿಗೇ ಹೊರಟುಬಿಟ್ಟೆವು. ಬೀಗ ಯಾರು ಹಾಕಬೇಕೆಂಬ ಬಗ್ಗೆ ಸಣ್ಣದೊಂದು ಉಪಜಗಳ ನಡೆದು, ಅವಳೇ ಹಾಕಿದಳು. ಸ್ಟಾಪಿನಲ್ಲಿ ಅವಳು ಆ ತುದಿ, ನಾನು ಈ ತುದಿ. ಎಷ್ಟು ಹೊತ್ತಾದರೂ ಒಂದೂ ಬರಲಿಲ್ಲ, ಆಮೇಲೆ ಬಂದದ್ದೂ ಒಂದೇ. ಅವಳು ಮುಂದಿನ ಬಾಗಿಲಲ್ಲಿ, ನಾನು ಹಿಂದಿನ ಬಾಗಿಲಲ್ಲಿ ಹತ್ತಿದೆವು. ಹತ್ತಿದ ಮೇಲೆ ಜೇಬು ಮುಟ್ಟಿ ನೋಡಿದರೆ ಪರ್ಸಿಲ್ಲ. ಫೋನಿನಿಂದ ಕೊಡೋಣವೆಂದರೆ ಫೋನು ಚಾರ್ಜಿಗೆ ಹಾಕಿದ್ದು ಮನೆಯಲ್ಲೇ. ಕಂಡಕ್ಟರು ಹತ್ತಿರ ಹತ್ತಿರ ಬರುತ್ತಿದ್ದ. ನಾನು ಮೇಲಿನ ಕಂಬಿ ಹಿಡಿದು, ಬಹಳ ಆಳವಾಗಿ ಏನನ್ನೋ ಯೋಚಿಸುವವನ ಮುಖ ಮಾಡಿಕೊಂಡು ನಿಂತೆ.

"ಟಿಕೆಟ್ ಯಜಮಾನ್ರೇ."

ಮುಂದಿನಿಂದ, ಇಡೀ ಬಸ್ಸು ದಾಟಿ, ಪರಿಚಿತ ದನಿಯೊಂದು ಬಂತು. "ಕಂಡಕ್ಟ್ರೇ, ಅವರದ್ದು ಇಲ್ಲಿ ತಗೊಳ್ಳಿ. ಗಾಂಧಿ ಬಜಾರ್ ಒಂದು."

ನಾನು ಮಾರ್ಕೆಟ್ಟಿನ ಮಟ್ಟದ ಸಿಟ್ಟಿನಲ್ಲಿದ್ದೆ. ಆದರೆ ದುಡ್ಡು ಕೊಡುವವರು ಹೇಳಿದ ಕಡೆ ಇಳಿಯಬೇಕಾಗುತ್ತದೆ. ಹತ್ತರ ನೋಟೊಂದು ಕೈಯಿಂದ ಕೈಗೆ ದಾಟುತ್ತ ಬಂತು, ಕೊಟ್ಟ ಪ್ರತಿಯೊಬ್ಬರೂ ತಿರುಗಿ ನನ್ನನ್ನು ನೋಡಿದರು. ಕಂಡಕ್ಟರು ಟಿಕೆಟ್ಟಿನ ಹಿಂದೆ ನಾಲ್ಕು ಎಂದು ಬರೆದು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಮುಂದಕ್ಕೆ ಕೂಗಿದ.

"ಅಮ್ಮೋರೇ, ಚಿಲ್ರೆ ಇವರ ಕೈಗೆ ಕೊಡ್ಲಾ?"

"ಬೇಡಿ ಬೇಡಿ" ಎಂದಳು ಅವಳು. "ಬಿಟ್ಟು ಇಳೀತಾರೆ."